ಬುಧ-ಶುಕ್ರ ಯೋಗ ನೋಡಿ ಬೋರ್ಡೋ ಹೊಡೆಯಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟ. ಕೊಳೆರೋಗ ತಡೆಯುವ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಮೊದಲ ಸಲ ಸಿಂಪಡಿಸಲು ದಿನ ಗೊತ್ತುಮಾಡುವಾಗ ಪ್ರತಿ ವರ್ಷ ಮನೆಯಲ್ಲಿ ಚರ್ಚೆ ನಡೆಯುತ್ತದೆ. ತಂದೆಯವರು ಪಂಚಾಂಗ ತೆಗೆದು ಈ ವರ್ಷದ ಮೇಘಾಧಿಪತಿ (ಮಳೆಯ ಒಡೆಯನೆನ್ನುವ ಗ್ರಹ) ಯಾರು, ಮಳೆ ನಕ್ಷತ್ರದ ವಾಹನ ಯಾವುದು ಎಂದು ನೋಡುತ್ತಾರೆ. ಪರಿಚಯದ ಜ್ಯೋತಿಷಿಯೊಬ್ಬರು, ಬುಧ ಮತ್ತು ಶುಕ್ರ ಹತ್ತಿರ ಬಂದರೆ ಜಡಿಮಳೆ, ಅವರಿಬ್ಬರ ನಡುವೆ ಸೂರ್ಯ ಬಂದರೆ ಮಳೆ ಇಲ್ಲ ಎಂದು ಹೇಳಿ ಮೊಬೈಲ್‌ಗೆ ದಿನಾಂಕ ಕಳಿಸುತ್ತಾರೆ. ಕೆಲವು ಸಲ ಹೇಳಿದಂತೆಯೇ ಆಗಿದೆ. ಕೆಲವು ಸಲ ಹೊಡೆದ ಔಷಧವೆಲ್ಲ ತೊಳೆದುಹೋಗಿದೆ. ಗ್ರಹಯೋಗಕ್ಕೂ ಮಳೆಗೂ ನಿಜವಾಗಿ ಸಂಬಂಧ ಇದೆಯೇ? ಇದ್ದರೆ ಬಳಸುವುದು ಹೇಗೆ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಪಂಚಾಂಗದ ಒಂದೇ ಪುಟದಲ್ಲಿ ಮಳೆಯ ಬಗ್ಗೆ ಎರಡು ಬೇರೆ ಬೇರೆ ಜಾತಿಯ ಮಾತುಗಳು ಅಚ್ಚಾಗಿರುತ್ತವೆ. ಸೂರ್ಯ ಯಾವ ದಿನ ಯಾವ ನಕ್ಷತ್ರಕ್ಕೆ ಬರುತ್ತಾನೆ ಎಂಬುದು ಋತುವಿನ ಲೆಕ್ಕ. ಅದನ್ನು ಧೈರ್ಯವಾಗಿ ನಂಬಿ. ವರ್ಷದ ಅಧಿಪತಿಗಳು, ವಾಹನ, ಗ್ರಹಗಳ ಕೂಟ ಇವುಗಳಿಂದ ಹೇಳುವ ಮಳೆಫಲವನ್ನು ನಂಬಿ ತೋಟಕ್ಕೆ ಆಳು ಕರೆಯಬೇಡಿ. ನಿಮ್ಮ ಮನೆಯ ಲೆಕ್ಕಾಚಾರದಲ್ಲಿ ಇವೆರಡೂ ಬೆರೆತುಹೋಗಿವೆ. ಹಾಗಾಗಿಯೇ ಒಮ್ಮೆ ಸರಿ ಬರುತ್ತದೆ, ಇನ್ನೊಮ್ಮೆ ಕೈ ಕೊಡುತ್ತದೆ. ಇಷ್ಟು ಹೇಳಿ ನಿಲ್ಲಿಸಿದರೆ ನಿಮ್ಮ ತಂದೆಯವರಿಗೂ ಶಾಸ್ತ್ರಕ್ಕೂ ಅನ್ಯಾಯವಾಗುತ್ತದೆ, ಆದ್ದರಿಂದ ಬಿಡಿಸಿ ನೋಡೋಣ.

ಸೂರ್ಯ ಒಂದು ವರ್ಷದಲ್ಲಿ 27 ನಕ್ಷತ್ರಗಳನ್ನು ಹಾಯುತ್ತಾನೆ. ಒಂದೊಂದರಲ್ಲಿ 13-14 ದಿನ ಇರುತ್ತಾನೆ. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ, 27ಕ್ಕೆ ಭರಣಿ, ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರೆ, 22ಕ್ಕೆ ಆರಿದ್ರೆ, ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ, ಆಗಸ್ಟ್ 3ಕ್ಕೆ ಆಶ್ಲೇಷ, 17ಕ್ಕೆ ಮಘೆ. ವರ್ಷದಿಂದ ವರ್ಷಕ್ಕೆ ಹೆಚ್ಚೆಂದರೆ ಒಂದು ದಿನ ಹಿಂದೆ ಮುಂದೆ ಆಗಬಹುದು. ಅಂದರೆ ಮಳೆ ನಕ್ಷತ್ರ ಎಂಬುದು ಹದಿನಾಲ್ಕು ದಿನಗಳ ತಿಂಗಳು. ಬೇಸಾಯಕ್ಕೆ ಜನವರಿ-ಫೆಬ್ರವರಿಗಳಿಗಿಂತ ಎಷ್ಟೋ ಚೆನ್ನಾಗಿ ಹೊಂದುವ ತಿಂಗಳು. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ", "ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ", "ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು" ಎಂಬ ಗಾದೆಗಳು ನಕ್ಷತ್ರಕ್ಕೆ ಶಕ್ತಿಯನ್ನು ಆರೋಪಿಸುವುದಿಲ್ಲ. ಆ ಹದಿನಾಲ್ಕು ದಿನಗಳಲ್ಲಿ ಮಳೆ ಬಂದರೆ ಬೆಳೆಗೆ ಏನಾಗುತ್ತದೆ ಎಂದು ಹೇಳುತ್ತವೆ. ಭರಣಿಯ ಗುಡುಗು ಮಳೆಗೆ ನೆಲ ಹದವಾಗಬೇಕು, ಆರಿದ್ರೆ ಕೈಕೊಟ್ಟರೆ ಗದ್ದೆ ನೆಟ್ಟಿ ಹಿಂದೆ ಬೀಳುತ್ತದೆ, ಮಘೆಯಲ್ಲಿ ಪೈರು ಮೈದುಂಬುವಾಗ ನೀರು ಎಷ್ಟು ಬಂದರೂ ಸಾಲದು. ಇದು ತಲೆಮಾರುಗಳು ನೋಡಿ ಕಟ್ಟಿಕೊಂಡ ಅರಿವು. ಇಂದಿನ ಹುಡುಗರಿಗೆ ಈ ಹೆಸರುಗಳೇ ಗೊತ್ತಿಲ್ಲದಂತಾಗುತ್ತಿರುವುದು ನನಗೆ ಬಹಳ ನೋವಿನ ವಿಷಯ.

ಈ ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. ನಮ್ಮ ಪಂಚಾಂಗ ನಿರಯಣ ಪದ್ಧತಿಯದು, ಅಂದರೆ ಸ್ಥಿರ ನಕ್ಷತ್ರಗಳಿಂದ ಸೂರ್ಯನ ಸ್ಥಾನವನ್ನು ಎಣಿಸುವಂಥದು. ಋತುಗಳು ಸಾಯನ ಸೂರ್ಯನನ್ನು, ಅಂದರೆ ಹಗಲು-ರಾತ್ರಿ ಸಮವಾಗುವ ಬಿಂದುವಿನಿಂದ ಎಣಿಸಿದ ಸ್ಥಾನವನ್ನು ಅನುಸರಿಸುತ್ತವೆ. ಎರಡರ ನಡುವೆ ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ಅಂತರ ಬೆಳೆಯುತ್ತಾ ಬಂದಿದೆ. ಹಗಲು ಬೆಳೆಯಲು ತೊಡಗುವುದು ಡಿಸೆಂಬರ್ 22ರ ಹೊತ್ತಿಗೆ, ನಾವು ಮಕರ ಸಂಕ್ರಾಂತಿ ಮಾಡುವುದು ಜನವರಿ 14-15ಕ್ಕೆ. ಈ ಅಂತರದಿಂದಾಗಿ, ಆರನೆಯ ಶತಮಾನದಲ್ಲಿ ಬರೆದ ಗ್ರಂಥ "ಸೂರ್ಯ ಆರ್ದ್ರೆಗೆ ಬಂದಾಗ" ಎಂದು ಹೇಳಿದರೆ ಅದು ಋತುವಿನ ಲೆಕ್ಕದಲ್ಲಿ ಇಂದಿನ ಆರಿದ್ರೆಗಿಂತ ಸುಮಾರು ಮೂರು ವಾರ ಮುಂಚೆ, ಅಂದರೆ ನಮ್ಮ ರೋಹಿಣಿಯ ಹೊತ್ತು. ಸಂಸ್ಕೃತ ಗ್ರಂಥದ ಫಲವನ್ನು ಹಾಗೆಯೇ ಎತ್ತಿ ಇಂದಿನ ತಾರೀಕಿಗೆ ಅಂಟಿಸುವವರು ಇದನ್ನು ಗಮನಿಸುವುದೇ ಇಲ್ಲ. ಆ ಶತಮಾನದ ಜ್ಯೋತಿಷಿ ವರಾಹಮಿಹಿರನಿಗೆ ಮಾತ್ರ ಇದು ಗೊತ್ತಿತ್ತು. ಹಿಂದೊಮ್ಮೆ ದಕ್ಷಿಣಾಯನ ಆಶ್ಲೇಷದ ಅರ್ಧದಿಂದ, ಉತ್ತರಾಯಣ ಧನಿಷ್ಠೆಯ ಮೊದಲಿನಿಂದ ಆರಂಭವಾಗುತ್ತಿತ್ತು ಎಂದು ಹಳೆಯ ಶಾಸ್ತ್ರಗಳು ಹೇಳುತ್ತವೆ, ಈಗ ಕರ್ಕ ಮತ್ತು ಮಕರದ ಮೊದಲಿನಿಂದ ಆಗುತ್ತಿದೆ, ಪ್ರತ್ಯಕ್ಷವಾಗಿ ಪರೀಕ್ಷಿಸಿ ತಿಳಿದುಕೊಳ್ಳಿ ಎಂದು ತನ್ನ ಗ್ರಂಥ ಬೃಹತ್ಸಂಹಿತೆಯಲ್ಲಿ ಬರೆದಿದ್ದಾನೆ.

ಇನ್ನು ಮೇಘಾಧಿಪತಿಯ ವಿಷಯ. ಯುಗಾದಿ ಯಾವ ವಾರ ಬೀಳುತ್ತದೆಯೋ ಆ ವಾರದ ಗ್ರಹ ವರ್ಷದ ರಾಜ. ಮೇಷ ಸಂಕ್ರಾಂತಿಯ ವಾರದ ಗ್ರಹ ಮಂತ್ರಿ. ಸೂರ್ಯ ಆರ್ದ್ರೆಗೆ ಬರುವ ವಾರದ ಗ್ರಹ ಮೇಘಾಧಿಪತಿ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕುಜ ರಾಜನಾದ ವರ್ಷ ಆಕಾಶದಲ್ಲಿ ಕುಜ ಎಲ್ಲಿದ್ದಾನೆ, ವಕ್ರನೋ (ಹಿಮ್ಮುಖವಾಗಿ ಸಾಗುತ್ತಿದ್ದಾನೋ) ಅಸ್ತನೋ (ಸೂರ್ಯನ ಬೆಳಕಿನಲ್ಲಿ ಮರೆಯಾಗಿದ್ದಾನೋ) ಎಂಬುದಕ್ಕೂ ಈ ಪಟ್ಟಕ್ಕೂ ಏನೂ ಸಂಬಂಧವಿಲ್ಲ. ಇದು ಗ್ರಹಯೋಗವೇ ಅಲ್ಲ, ವಾರದ ಲೆಕ್ಕ. ಕಾಶ್ಮೀರಕ್ಕೂ ಕನ್ಯಾಕುಮಾರಿಗೂ ರಾಜ ಒಬ್ಬನೇ.

ಫಲ ಹೇಗೆ ಬಂತು ಎಂಬುದಕ್ಕೆ ತೀರಾ ಹತ್ತಿರದ ಎರಡು ವರ್ಷಗಳನ್ನು ನೋಡಿ. 2023ರ ಯುಗಾದಿ ಮಾರ್ಚ್ 22, ಬುಧವಾರ. ಮೇಷ ಸಂಕ್ರಾಂತಿ ಏಪ್ರಿಲ್ 14, ಶುಕ್ರವಾರ. ಆರ್ದ್ರಾ ಪ್ರವೇಶ ಜೂನ್ 22, ಗುರುವಾರ. ರಾಜ ಬುಧ, ಮಂತ್ರಿ ಶುಕ್ರ, ಮೇಘಾಧಿಪತಿ ಗುರು. ಮೂವರೂ ಶುಭಗ್ರಹರು, ಇದಕ್ಕಿಂತ ಒಳ್ಳೆಯ ಮಂತ್ರಿಮಂಡಲ ಬೇಕೇ? ಆ ವರ್ಷದ ಆಗಸ್ಟ್, ದೇಶಕ್ಕೆ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಆಯಿತು. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಮರುವರ್ಷ ಯುಗಾದಿ ಏಪ್ರಿಲ್ 9, ಮಂಗಳವಾರ. ಮೇಷ ಸಂಕ್ರಾಂತಿ ಏಪ್ರಿಲ್ 13, ಶನಿವಾರ. ರಾಜ ಕುಜ, ಮಂತ್ರಿ ಶನಿ. ಶಾಸ್ತ್ರದ ಪ್ರಕಾರ ಮಳೆ ಕಡಿಮೆ, ಬೆಂಕಿಯ ಭಯ. ಆ ವರ್ಷ ದೇಶದ ಮುಂಗಾರು ವಾಡಿಕೆಯ ಶೇ 108. ತುಂಗಭದ್ರಾ ಜಲಾಶಯ ತುಂಬಿ ನಿಂತು, ಆಗಸ್ಟ್ 10ರ ರಾತ್ರಿ ಒಂದು ಗೇಟೇ ಕಿತ್ತುಹೋಗಿದ್ದು ನಿಮಗೆ ನೆನಪಿರಬಹುದು. ಎರಡು ವರ್ಷ ಹಿಡಿದು ಒಂದು ಶಾಸ್ತ್ರವನ್ನು ತಳ್ಳಿಹಾಕಬಾರದು ಎನ್ನುವವರ ಮಾತು ಒಪ್ಪುತ್ತೇನೆ. ಆದರೆ ಬರ ಮತ್ತು ನೆರೆ ಎರಡನ್ನೂ ತಲೆಕೆಳಗಾಗಿ ಹೇಳಿದ ಲೆಕ್ಕವನ್ನು ನೆಚ್ಚಿ ಈ ವರ್ಷ ಸಿಂಪಡಣೆ ಮುಂದೂಡಿ ಎಂದು ನಿಮಗೆ ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈಗ ನಿಮ್ಮ ಜ್ಯೋತಿಷಿಗಳು ಹೇಳುವ ಬುಧ-ಶುಕ್ರ ಯೋಗ. ಇದು ನಿಜವಾದ ಗ್ರಹಯೋಗ, ಆಕಾಶದಲ್ಲಿ ಕಣ್ಣಿಗೆ ಕಾಣುವಂಥದು. ಹಳೆಯ ಶ್ಲೋಕವೊಂದರ ತಾತ್ಪರ್ಯ ಹೀಗಿದೆ: ಬುಧ ಶುಕ್ರರು ಸಮೀಪದಲ್ಲಿದ್ದರೆ ಭೂಮಿಯನ್ನೇ ಒಂದು ಸಮುದ್ರ ಮಾಡುತ್ತಾರೆ, ಅವರ ನಡುವೆ ಸೂರ್ಯ ಬಂದರೆ ಸಮುದ್ರವನ್ನೂ ಒಣಗಿಸುತ್ತಾನೆ. ಕೇಳಲು ಭವ್ಯವಾಗಿದೆ. ಪರೀಕ್ಷೆ ಮಾಡೋಣ.

2023ರ ಆಗಸ್ಟ್ 13ಕ್ಕೆ ಶುಕ್ರ ಸೂರ್ಯನನ್ನು ದಾಟಿ ಪಶ್ಚಿಮದ ಕಡೆಗೆ, ಅಂದರೆ ಬೆಳಗಿನ ಆಕಾಶಕ್ಕೆ ಹೋಯಿತು. ಬುಧ ಆಗ ಸೂರ್ಯನ ಪೂರ್ವದಲ್ಲಿತ್ತು, ಸೆಪ್ಟೆಂಬರ್ 6ರವರೆಗೂ ಅಲ್ಲೇ ಇತ್ತು. ಅಂದರೆ ಆಗಸ್ಟ್ 13ರಿಂದ ಸೆಪ್ಟೆಂಬರ್ 6ರ ತನಕ ಸೂರ್ಯ ಇಬ್ಬರ ನಡುವೆ. ಆಗಸ್ಟ್ ಒಣಗಿತು, ಸೆಪ್ಟೆಂಬರ್‌ನಲ್ಲಿ ಮಳೆ ಚೇತರಿಸಿಕೊಂಡಿತು. ಶ್ಲೋಕ ಅಕ್ಷರಶಃ ನಿಜವಾಯಿತು ಎಂದು ಯಾರಾದರೂ ಹೇಳಿದರೆ ನಾನು ಅಡ್ಡ ಬರುವುದಿಲ್ಲ. ಈಗ 2018ಕ್ಕೆ ಹೋಗಿ. ಆ ವರ್ಷ ಆಗಸ್ಟ್ 9ರ ಸುಮಾರಿಗೆ ಬುಧ ಸೂರ್ಯನನ್ನು ದಾಟಿ ಪಶ್ಚಿಮಕ್ಕೆ ಬಂತು. ಶುಕ್ರ ಪೂರ್ವದಲ್ಲಿ ಸೂರ್ಯನಿಂದ 46 ಅಂಶ (ಡಿಗ್ರಿ) ದೂರ, ಸಂಜೆಯ ಆಕಾಶದಲ್ಲಿ. ಸೂರ್ಯ ಮತ್ತೆ ಇಬ್ಬರ ನಡುವೆ. ಸಮುದ್ರ ಒಣಗಬೇಕಾದ ಅದೇ ದಿನಗಳಲ್ಲಿ, ಆಗಸ್ಟ್ ಮಧ್ಯದಲ್ಲಿ, ಕೊಡಗಿನ ಗುಡ್ಡಗಳು ಕುಸಿದು ಮನೆಗಳನ್ನು ಹೊತ್ತುಕೊಂಡು ಇಳಿದವು, ಕೇರಳ ಮುಳುಗಿತು. ಆ ನಿಯಮವನ್ನು ನಂಬಿ ಯಾರಾದರೂ ಗುಡ್ಡದ ಬುಡದ ಮನೆಯಲ್ಲಿ ನಿರಾತಂಕವಾಗಿ ಮಲಗಿದ್ದರೆ? ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

2018ರಲ್ಲಿ ಶುಕ್ರ ದೂರವಿತ್ತಲ್ಲ, ನಿಯಮ ಸಮೀಪದಲ್ಲಿದ್ದಾಗ ಮಾತ್ರ ಅನ್ವಯಿಸುತ್ತದೆ ಎಂದು ಜ್ಯೋತಿಷಿಗಳು ಉತ್ತರ ಕೊಡಬಹುದು. ಆದರೆ ಎಷ್ಟು ಅಂಶದೊಳಗೆ ಇದ್ದರೆ ಸಮೀಪ ಎಂದು ಶ್ಲೋಕ ಹೇಳುವುದಿಲ್ಲ. ಮಿತಿಯನ್ನು ಮಳೆ ಬಂದ ಮೇಲೆ ಹಾಕಿಕೊಂಡರೆ ಯಾವ ನಿಯಮವೂ ಸೋಲುವುದಿಲ್ಲ. ಇನ್ನೂ ಮೂಲಭೂತವಾದ ಸಂಗತಿಯೊಂದಿದೆ. ಬುಧ ಸೂರ್ಯನಿಂದ 28 ಅಂಶಕ್ಕಿಂತ ಆಚೆಗೆ ಹೋಗುವುದಿಲ್ಲ, ಶುಕ್ರ ಸುಮಾರು 47 ಅಂಶಕ್ಕಿಂತ ಆಚೆಗೆ ಹೋಗುವುದಿಲ್ಲ. ಇಬ್ಬರೂ ಸೂರ್ಯನ ಆಸುಪಾಸಿನಲ್ಲೇ ಓಲಾಡುವವರು. ಹಾಗಾಗಿ ಅವರು ಒಬ್ಬರಿಗೊಬ್ಬರು ಹತ್ತಿರ ಬರುವುದು ಪದೇ ಪದೇ ಆಗುತ್ತದೆ, ಸೂರ್ಯ ನಡುವೆ ಬರುವುದೂ ಸರಿಸುಮಾರು ಅರ್ಧ ಕಾಲ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಹತ್ತಿರ ಬಂದ ಪ್ರತಿ ಸಲವೂ ಮಳೆ ಬರುತ್ತದೆ, ಏಕೆಂದರೆ ಅದು ಮಳೆಗಾಲ. ಫೆಬ್ರವರಿಯಲ್ಲಿ ಅವರು ಎಷ್ಟೇ ಹತ್ತಿರ ಬಂದರೂ ತೀರ್ಥಹಳ್ಳಿಯಲ್ಲಿ ಎಲೆಯೂ ನೆನೆಯುವುದಿಲ್ಲ.

ಇದೇ ಗುಟ್ಟು ಸಪ್ತನಾಡಿ ಚಕ್ರದಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಮಳೆ ಹೇಳುವವರು ಅತಿ ಹೆಚ್ಚು ಗೌರವಿಸುವ ಚಕ್ರವಿದು, ನನಗೂ ಇಷ್ಟವಾದದ್ದು. ಅಭಿಜಿತ್ ಸೇರಿಸಿ 28 ನಕ್ಷತ್ರಗಳನ್ನು ಕೃತ್ತಿಕೆಯಿಂದ ಆರಂಭಿಸಿ ಹಾವಿನಂತೆ ಏಳು ಸಾಲುಗಳಲ್ಲಿ ಮೇಲೆ ಕೆಳಗೆ ಹೆಣೆಯುತ್ತಾರೆ. ಚಂಡ, ವಾತ, ದಹನ, ಸೌಮ್ಯ, ನೀರ, ಜಲ, ಅಮೃತ ಎಂದು ನಾಡಿಗಳ ಹೆಸರು. ಮೊದಲ ಮೂರು ಗಾಳಿ-ಬಿಸಿಲಿನವು, ಕೊನೆಯ ಮೂರು ನೀರಿನವು. ಕಾಗದದ ಮೇಲೆ ಒಮ್ಮೆ ಬರೆದು ನೋಡಿ. ಸೂರ್ಯ ಮೇ 11ರಿಂದ ಕೃತ್ತಿಕೆ, ರೋಹಿಣಿ, ಮೃಗಶಿರೆಗಳಲ್ಲಿದ್ದಾಗ ಕ್ರಮವಾಗಿ ಚಂಡ, ವಾತ, ದಹನ. ಜೂನ್ 22ಕ್ಕೆ ಆರಿದ್ರೆಗೆ ಬಂದಾಗ ಸೌಮ್ಯ. ಪುನರ್ವಸುವಿನಲ್ಲಿ ನೀರ, ಪುಷ್ಯದಲ್ಲಿ ಜಲ, ಆಶ್ಲೇಷ ಮತ್ತು ಮಘೆಯಲ್ಲಿ ಅಮೃತ. ಅಲ್ಲಿಂದ ಇಳಿಮುಖ. ಹುಬ್ಬೆಯಲ್ಲಿ (ಪೂರ್ವಾ ಫಲ್ಗುಣಿ) ಜಲ, ಉತ್ತರೆಯಲ್ಲಿ ನೀರ, ಹಸ್ತದಲ್ಲಿ ಸೌಮ್ಯ, ಚಿತ್ತೆಯಲ್ಲಿ ದಹನ, ಸ್ವಾತಿಯಲ್ಲಿ ವಾತ. ಮುಂಗಾರು ಬರುವುದು, ಏರುವುದು, ಇಳಿಯುವುದು, ಹಿಂತಿರುಗುವುದು ಎಲ್ಲವೂ ಅಲ್ಲಿದೆ. ಬೇಸಿಗೆಯ ಗಾಳಿಯಿಂದ ಹಿಂಗಾರಿನ ಗಾಳಿಯವರೆಗೆ ಒಂದು ಇಡೀ ಮಳೆಗಾಲವನ್ನು ನಕ್ಷತ್ರಗಳ ಹೆಸರಿನಲ್ಲಿ ಬರೆದಿಟ್ಟ ಚಿತ್ರ ಅದು. ಅದನ್ನು ಕಂಡಾಗ ಕಟ್ಟಿದವರ ಬಗ್ಗೆ ನನಗೆ ಗೌರವ ಉಕ್ಕುತ್ತದೆ.

ಆದರೆ ಚಕ್ರದ ಇನ್ನೊಂದು ಅರ್ಧವನ್ನೂ ನೋಡಬೇಕು. ಹೆಣಿಗೆ ಮುಂದುವರಿದಾಗ ಶ್ರವಣ ಮತ್ತು ಧನಿಷ್ಠೆ ಮತ್ತೆ ಅಮೃತ ನಾಡಿಗೆ ಬೀಳುತ್ತವೆ. ಸೂರ್ಯ ಅಲ್ಲಿರುವುದು ಜನವರಿ ಕೊನೆಯ ವಾರದಿಂದ ಫೆಬ್ರವರಿ 19ರ ತನಕ. ಮಲೆನಾಡಿನಲ್ಲಿ ಆಗ ಅಡಿಕೆ ಅಂಗಳದಲ್ಲಿ ಒಣಗುತ್ತಿರುತ್ತದೆ, ದರಕು (ಒಣಗಿ ಉದುರಿದ ಎಲೆ) ಗುಡಿಸುವ ಕಾಲ. ಅಂದರೆ ಚಕ್ರ ಮಳೆಗಾಲದಲ್ಲಿ ಸರಿ ಹೊಂದುವುದು ನಾಡಿಯ ಬಲದಿಂದಲ್ಲ, ಸೂರ್ಯನ ಋತುವಿನಿಂದ. ಬುಧ, ಶುಕ್ರ ಸೂರ್ಯನ ಜೊತೆಗೇ ಇರುವುದರಿಂದ ಮಳೆಗಾಲದಲ್ಲಿ ಅವರೂ ತಾವಾಗಿಯೇ ನೀರು-ನಾಡಿಗಳಲ್ಲಿ ಇರುತ್ತಾರೆ. ಮೂರು ಗ್ರಹ ಜಲನಾಡಿಯಲ್ಲಿ ಸೇರಿವೆ, ಭಾರೀ ಮಳೆ ಎಂದು ಜುಲೈನಲ್ಲಿ ಹೇಳುವುದು ಜುಲೈ ಬಂದಿದೆ ಎಂದು ಹೇಳಿದಂತೆಯೇ. 2023ರ ಆಗಸ್ಟ್ ಎರಡನೇ ವಾರದಲ್ಲಿ ಸೂರ್ಯ ಮತ್ತು ಶುಕ್ರ ಇಬ್ಬರೂ ಆಶ್ಲೇಷದಲ್ಲಿ, ಅಮೃತ ನಾಡಿಯಲ್ಲಿದ್ದರು. ಬುಧ ಹುಬ್ಬೆಯಲ್ಲಿ, ಜಲ ನಾಡಿಯಲ್ಲಿ. ಚಕ್ರ ಹೇಳಿದ್ದು ಭರಪೂರ ಮಳೆ. ಅದೇ ವಾರದಿಂದ ಬುಧ-ಶುಕ್ರ ಶ್ಲೋಕ ಹೇಳಿದ್ದು ಒಣಗು. ಒಂದೇ ಆಕಾಶಕ್ಕೆ ಎರಡು ನಿಯಮ, ಎರಡು ತೀರ್ಪು. ಮಳೆ ಬಂದಿದ್ದರೆ ಚಕ್ರ ಗೆಲ್ಲುತ್ತಿತ್ತು, ಬರದಿದ್ದುದರಿಂದ ಶ್ಲೋಕ ಗೆದ್ದಿತು. ರೈತನಿಗೆ ಬೇಕಾದುದು ಮುಂಚಿತವಾಗಿ ಒಂದೇ ಮಾತು.

ವಾಹನದ ಲೆಕ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೂರ್ಯ ನಕ್ಷತ್ರ ಬದಲಿಸುವ ಹೊತ್ತಿಗೆ ಚಂದ್ರ ಎಷ್ಟನೆಯ ನಕ್ಷತ್ರದಲ್ಲಿದ್ದಾನೆ ಎಂದು ಎಣಿಸಿ ಒಂಬತ್ತರಿಂದ ಭಾಗಿಸಿ, ಉಳಿದ ಶೇಷಕ್ಕೆ ಕುದುರೆ, ನರಿ, ಕಪ್ಪೆ ಎಂದು ಹೆಸರಿಡುತ್ತಾರೆ. ಕಪ್ಪೆ, ಕೋಣ, ಆನೆ ಬಂದರೆ ಒಳ್ಳೆಯ ಮಳೆ. ಜೊತೆಗೆ ಸ್ತ್ರೀ-ಪುರುಷ ಯೋಗ ಎಂದಿದೆ. ಆರ್ದ್ರೆಯಿಂದ ಸ್ವಾತಿಯವರೆಗಿನ ಹತ್ತು ಸ್ತ್ರೀ ನಕ್ಷತ್ರಗಳು, ಮೂಲಾದಿಂದ ಮೃಗಶಿರೆಯವರೆಗಿನ ಹದಿನಾಲ್ಕು ಪುರುಷ, ನಡುವಿನ ಮೂರು ನಪುಂಸಕ. ಸೂರ್ಯ ಒಂದರಲ್ಲಿ, ಚಂದ್ರ ಇನ್ನೊಂದರಲ್ಲಿ ಇದ್ದರೆ ಮಳೆ. ಜೂನ್ 22ರಿಂದ ನವೆಂಬರ್ ಮೊದಲ ವಾರದವರೆಗೂ ಸೂರ್ಯ ಸ್ತ್ರೀ ನಕ್ಷತ್ರಗಳಲ್ಲೇ ಇರುತ್ತಾನೆ. ಚಂದ್ರ ಪ್ರತಿ 27 ದಿನಗಳ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಪುರುಷ ನಕ್ಷತ್ರಗಳಲ್ಲಿ ಇರುತ್ತಾನೆ. ಹಾಗಾಗಿ ಇಡೀ ಮಳೆಗಾಲದ ಅರ್ಧದಷ್ಟು ದಿನಗಳು ತಾವಾಗಿಯೇ ಮಳೆಯೋಗದ ದಿನಗಳು. ಪುಷ್ಯದಲ್ಲಿ ಆಗುಂಬೆಗೆ ಮಳೆ ಬರುತ್ತದೆ ಎಂದವರ ಮಾತು ಸುಳ್ಳಾಗುವುದಾದರೂ ಹೇಗೆ?

ಆಗುಂಬೆಯ ಹೆಸರು ಬಂದಿದ್ದರಿಂದ ಮುಖ್ಯ ಮಾತಿಗೆ ಬರುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,500 ಮಿ.ಮೀ. ಆಸುಪಾಸು ಮಳೆಯಾಗುತ್ತದೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಸುರಿದ ದಾಖಲೆ ಅಲ್ಲಿದೆ. ಅಲ್ಲಿಂದ ಬಸ್ಸಿನಲ್ಲಿ ಮೂರು ಗಂಟೆ ದೂರದ ಶಿವಮೊಗ್ಗ ನಗರದ ವಾರ್ಷಿಕ ಮಳೆ ಸಾವಿರ ಮಿ.ಮೀ. ಆಸುಪಾಸು. ಎರಡು ಊರಿನ ಮೇಲೂ ಆಕಾಶ ಒಂದೇ, ಗುರು-ಶುಕ್ರರು ಅದೇ ರಾಶಿಯಲ್ಲಿ, ಉದಯಕಾಲದಲ್ಲಿ ಒಂದೆರಡು ನಿಮಿಷದ ವ್ಯತ್ಯಾಸ. ಮಳೆ ಮಾತ್ರ ಏಳು ಪಟ್ಟು ಭಿನ್ನ. ಶಿವಮೊಗ್ಗದ ಜನರಿಗೆ ಇದು ಚೆನ್ನಾಗಿ ಗೊತ್ತು. ಊರಿನಲ್ಲಿ ಬರೀ ತುಂತುರು ಇರುವಾಗಲೇ ಕೋರ್ಪಲಯ್ಯನ ಛತ್ರದ ಬಳಿಯ ಹೊಳೆಮಂಟಪ ಮುಳುಗಿದೆ ಎಂದು ಕೇಳಿ ನೋಡಲು ಹೋಗುತ್ತಾರೆ. ಆ ನೀರು ಶೃಂಗೇರಿ, ತೀರ್ಥಹಳ್ಳಿಗಳ ಮೇಲೆ ಬಿದ್ದದ್ದು. ಈ ವ್ಯತ್ಯಾಸ ಮಾಡಿದ್ದು ಗ್ರಹವಲ್ಲ, ಘಟ್ಟ. ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ಗಾಳಿ ಸೋಮೇಶ್ವರದ ಕೆಳಗಿನ ಕರಾವಳಿಯಿಂದ ಆಗುಂಬೆಯ ಅಂಚಿಗೆ ಐನೂರು ಮೀಟರ್‌ಗೂ ಮಿಕ್ಕಿ ಗೋಡೆಯೇರಿದಂತೆ ಏರಬೇಕು. ಏರಿದ ಗಾಳಿ ತಣಿಯುತ್ತದೆ, ಹೊತ್ತ ನೀರನ್ನು ಅಲ್ಲೇ ಇಳಿಸುತ್ತದೆ, ಮೂಡಣಕ್ಕೆ ಸಾಗಿದಂತೆ ಬರಿದಾಗುತ್ತದೆ. ನಿಮ್ಮ ತೋಟ ಯಾವ ಗುಡ್ಡದ ಯಾವ ಮಗ್ಗುಲಲ್ಲಿದೆ ಎಂಬುದು ನಿಮ್ಮ ಮಳೆಯ ಜಾತಕದ ಮೊದಲ ಮನೆ.

ಗ್ರಹಗಳ ಸೆಳೆತದಿಂದ ಮಳೆ ಬರಬಹುದಲ್ಲ, ಚಂದ್ರನಿಂದ ಸಮುದ್ರ ಉಬ್ಬುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಚಂದ್ರ ಸಮುದ್ರವನ್ನಷ್ಟೇ ಅಲ್ಲ, ವಾತಾವರಣವನ್ನೂ ಉಬ್ಬಿಸುತ್ತಾನೆ, ಅದರಿಂದ ಮಳೆಯಲ್ಲಿ ಆಗುವ ಏರುಪೇರನ್ನು ಉಪಗ್ರಹದ ಅಳತೆಗಳಲ್ಲಿ ಕಂಡುಹಿಡಿದೂ ಇದ್ದಾರೆ. ಅದು ಮಳೆಯ ಒಟ್ಟು ಏರಿಳಿತದಲ್ಲಿ ಶೇ 1ರಷ್ಟು. ಇನ್ನು ಶುಕ್ರ ಭೂಮಿಗೆ ಅತಿ ಹತ್ತಿರ ಬಂದಾಗಲೂ ಅದರ ಉಬ್ಬರದ ಬಲ ಚಂದ್ರನದರ ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಗುರುವಿನದು ಅದಕ್ಕಿಂತಲೂ ಕಡಿಮೆ. ಇಷ್ಟು ಬಲ ಮೋಡವನ್ನು ಅಲುಗಿಸಲಾರದು.

ಹಾಗಾದರೆ ನಮ್ಮ ಹಿರಿಯರ ಮಳೆಶಾಸ್ತ್ರದಲ್ಲಿ ಉಳಿಸಿಕೊಳ್ಳುವಂಥದು ಪಂಚಾಂಗದ ತಾರೀಕು ಮಾತ್ರವೇ? ಖಂಡಿತ ಅಲ್ಲ. ಬೃಹತ್ಸಂಹಿತೆಯ ಮಳೆ ಅಧ್ಯಾಯಗಳನ್ನು ಓದಿದರೆ ಗ್ರಹಕ್ಕಿಂತ ಹೆಚ್ಚು ಜಾಗವನ್ನು ಗಾಳಿ, ಮೋಡ, ಬಣ್ಣ, ಪ್ರಾಣಿಗಳು ತೆಗೆದುಕೊಂಡಿವೆ. ಮಾರ್ಗಶಿರದಿಂದ ಮುಂದಕ್ಕೆ ಆಕಾಶದಲ್ಲಿ ಮಳೆ ಗರ್ಭ ಕಟ್ಟುತ್ತದೆ, 195 ದಿನಗಳ ಮೇಲೆ ಹೆರಿಗೆಯಾಗುತ್ತದೆ ಎಂಬ ವಿಚಾರ ಅಲ್ಲಿದೆ. 195 ದಿನವೆಂಬ ಲೆಕ್ಕವನ್ನು ನಾನು ಸಮರ್ಥಿಸಲಾರೆ, ಆದರೆ ಮುಂಗಾರಿನ ಸುಳಿವನ್ನು ಹಿಂದಿನ ಚಳಿಗಾಲದಲ್ಲಿ ಹುಡುಕಬೇಕು ಎಂಬ ದಿಕ್ಕು ಸರಿಯಾದದ್ದು. 1886ರಲ್ಲಿ ಹವಾಮಾನ ಇಲಾಖೆ ದೇಶದ ಮೊದಲ ಮುಂಗಾರು ಮುನ್ಸೂಚನೆ ಹೊರಡಿಸಿದಾಗ ಅದರ ಮುಖ್ಯಸ್ಥ ಬ್ಲಾನ್‌ಫರ್ಡ್ ನೋಡಿದ್ದೂ ಚಳಿಗಾಲದಲ್ಲಿ ಹಿಮಾಲಯದ ಮೇಲೆ ಬಿದ್ದ ಹಿಮವನ್ನೇ. ಸದ್ಯೋವರ್ಷಣ ಎಂಬ ಅಧ್ಯಾಯ ಇನ್ನೂ ಹತ್ತಿರದ್ದು, ಇಂದು ನಾಳೆ ಬರುವ ಮಳೆಯ ಗುರುತುಗಳನ್ನು ಹೇಳುತ್ತದೆ. ಕಾರಣವಿಲ್ಲದೆ ಇರುವೆ ಮೊಟ್ಟೆ ಹೊತ್ತು ಸಾಗುವುದು, ಉಪ್ಪು ನೀರೊಡೆಯುವುದು, ಬೆಟ್ಟಗಳು ಕಾಡಿಗೆಯ ರಾಶಿಯಂತೆ ಕಪ್ಪಾಗಿ ಕಾಣುವುದು, ಕಂದರಗಳಲ್ಲಿ ಆವಿ ತುಂಬಿ ನಿಲ್ಲುವುದು. ಕುಂದಾದ್ರಿಯನ್ನೋ ಕೊಡಚಾದ್ರಿಯನ್ನೋ ದಿನವೂ ನೋಡುವ ನಿಮಗೆ ಈ ಕೊನೆಯ ಎರಡನ್ನು ನಾನು ವಿವರಿಸಬೇಕಾಗಿಲ್ಲ. ಗಾಳಿಯ ತೇವ ಹೆಚ್ಚಿದಾಗ ಇವೆಲ್ಲ ಆಗುವಂಥವೇ. ಇದರ ಆಯಸ್ಸು ಕೆಲವು ಗಂಟೆ, ಹೆಚ್ಚೆಂದರೆ ಒಂದು ದಿನ. ಸಿಂಪಡಣೆಯ ಬೆಳಿಗ್ಗೆ ಏಣಿ ಎತ್ತುವ ಮೊದಲು ಈ ಕಣ್ಣು ಬಹಳ ಬೆಲೆಯುಳ್ಳದ್ದು.

ಅದೇ ಗ್ರಂಥದ ಪ್ರವರ್ಷಣ ಅಧ್ಯಾಯದಲ್ಲಿ ಒಂದು ಹಸ್ತ (ಮೊಳ) ಅಗಲದ ಪಾತ್ರೆ ಇಟ್ಟು ಬಿದ್ದ ಮಳೆಯನ್ನು ಅಳೆಯಿರಿ, 50 ಪಲಕ್ಕೆ ಒಂದು ಆಢಕ ಎಂದಿದೆ. ಪಲ, ಆಢಕ, ದ್ರೋಣ ಇವೆಲ್ಲ ಹಳೆಯ ಕಾಲದ ಅಳತೆಗಳು. ಅದಕ್ಕೂ ಮುಂಚೆ ಕೌಟಿಲ್ಯನ ಅರ್ಥಶಾಸ್ತ್ರ ಒಣನಾಡಿಗೆ 16 ದ್ರೋಣ, ನೀರುನಾಡಿಗೆ ಅದರ ಒಂದೂವರೆ ಪಟ್ಟು ಎಂದು ಪ್ರದೇಶವಾರು ಮಳೆ ಬರೆಯುತ್ತದೆ. ಅರ್ಥಶಾಸ್ತ್ರವೂ ಗುರುವಿನ ಸ್ಥಾನ, ಶುಕ್ರನ ಉದಯಾಸ್ತ ನೋಡಿ ಎನ್ನುತ್ತದೆ, ಆದರೆ ಅಳತೆಯನ್ನು ಬಿಟ್ಟು ಮಾತಾಡುವುದಿಲ್ಲ. ನಾವು ಗ್ರಹವನ್ನು ಉಳಿಸಿಕೊಂಡೆವು, ಪಾತ್ರೆಯನ್ನು ಕಳೆದುಕೊಂಡೆವು. ನನ್ನ ಇಡೀ ಉತ್ತರದಲ್ಲಿ ನಿಮ್ಮ ತಂದೆಯವರಿಗೆ ಒಂದೇ ಮಾತು ತಲುಪಿಸುವುದಾದರೆ ಇದನ್ನು ತಲುಪಿಸಿ.

ಪಾತ್ರೆ ಇಡುವುದು ಕಷ್ಟವಲ್ಲ. ಮೇಲಿಂದ ಕೆಳಗೆ ಒಂದೇ ಅಗಲ ಇರುವ, ತಳ ಸಮತಟ್ಟಾದ ಯಾವ ಡಬ್ಬವಾದರೂ ಆದೀತು. ನಿಂತ ನೀರಿನ ಆಳವನ್ನು ಅಳತೆಪಟ್ಟಿಯಿಂದ ನೋಡಿದರೆ ಅಷ್ಟೇ ಮಿ.ಮೀ. ಮಳೆ. ಒಂದು ಮಿ.ಮೀ. ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಸೂರು, ಮರಗಳ ಹನಿ ಬೀಳದ ಬಯಲಿನಲ್ಲಿ ಇಡಿ, ದಿನವೂ ಬೆಳಿಗ್ಗೆ 8.30ಕ್ಕೆ ಅಳೆದು ಚೆಲ್ಲಿ. ಹವಾಮಾನ ಇಲಾಖೆಯ ಅಳತೆಯ ಹೊತ್ತೂ ಅದೇ, ಹೋಲಿಸಲು ಅನುಕೂಲ. ಪುಸ್ತಕದಲ್ಲಿ ಮೊದಲ ಅಂಕಣ ತಾರೀಕು, ಎರಡನೆಯದು ಮಳೆ ನಕ್ಷತ್ರ, ಮೂರನೆಯದು ಮಿ.ಮೀ. ಜ್ಯೋತಿಷಿಗಳು ಕಳಿಸಿದ ದಿನಾಂಕಗಳನ್ನು ಬಂದ ದಿನವೇ, ಮಳೆಗೆ ಮುಂಚೆಯೇ, ನಾಲ್ಕನೆಯ ಅಂಕಣದಲ್ಲಿ ಬರೆಯಿರಿ. ಲೆಕ್ಕ ನೋಡುವಾಗ "ಹೇಳಿದ ದಿನ ಮಳೆ ಬಂತೇ" ಎಂದು ಕೇಳಬೇಡಿ. ಮಲೆನಾಡಿನ ಜುಲೈನಲ್ಲಿ ಬಂದೇ ಬರುತ್ತದೆ. "ಅದೇ ನಕ್ಷತ್ರದ ಉಳಿದ ದಿನಗಳಿಗಿಂತ ಹೇಳಿದ ದಿನಗಳಲ್ಲಿ ಹೆಚ್ಚು ಬಂತೇ" ಎಂದು ಕೇಳಿ. ಯೋಗಕ್ಕೆ ಬಲವಿದ್ದರೆ ಕೆಲವು ಮಳೆಗಾಲಗಳಲ್ಲಿ ಅದು ನಿಮ್ಮ ಪುಸ್ತಕದಲ್ಲೇ ಕಾಣಬೇಕು. ಕಂಡರೆ ನನ್ನ ಮಾತನ್ನು ಬಿಟ್ಟು ನಿಮ್ಮ ಪುಸ್ತಕವನ್ನು ನಂಬಿ.

ಮಳೆಯನ್ನು ನಿಜವಾಗಿ ಏರಿಸಿ ಇಳಿಸುವ ಸಂಗತಿಗಳನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಗುಜರಾತಿನಿಂದ ಕೇರಳದವರೆಗೆ ಕರಾವಳಿಯುದ್ದಕ್ಕೂ ಒತ್ತಡ ಕುಸಿದ ಪಟ್ಟಿಯೊಂದು ಬಲಗೊಂಡಾಗ ಘಟ್ಟದಲ್ಲಿ ಜಡಿಮಳೆ ಹಿಡಿಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಪಡುವಣ ಗಾಳಿ ಇನ್ನಷ್ಟು ಬಿರುಸಾಗುತ್ತದೆ. ಸಮಭಾಜಕದ ಉದ್ದಕ್ಕೆ 30ರಿಂದ 60 ದಿನಗಳಿಗೊಮ್ಮೆ ಪೂರ್ವಕ್ಕೆ ಸಾಗುವ ಮೋಡದ ಅಲೆ ಬಿಡುವು ಮತ್ತು ಬಿರುಸನ್ನು ಸರದಿಯಲ್ಲಿ ತರುತ್ತದೆ. ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್‌ನಿನೊ ವರ್ಷಗಳಲ್ಲಿ ಮುಂಗಾರು ಸೊರಗುವ ಸಂಭವ ಹೆಚ್ಚು. 2023 ಅಂಥ ವರ್ಷ. ಇಲಾಖೆಯ ದೀರ್ಘಾವಧಿ ಮುನ್ಸೂಚನೆಯೂ ದೇವರ ಮಾತಲ್ಲ. 2023ರ ಏಪ್ರಿಲ್‌ನಲ್ಲಿ ಶೇ 96 ಎಂದಿತ್ತು, ಆದದ್ದು ಶೇ 94. ಮೊತ್ತ ಹತ್ತಿರ ಬಂತು, ಆದರೆ ಆಗಸ್ಟ್ ಹಾಗೆ ಒಣಗುತ್ತದೆ ಎಂದು ಏಪ್ರಿಲ್‌ನಲ್ಲಿ ಯಾರೂ ಹೇಳಲಿಲ್ಲ. ದೇಶದ ಮೊತ್ತದಿಂದ ನಿಮ್ಮ ತೋಟಕ್ಕೆ ಹೆಚ್ಚು ಉಪಯೋಗವೂ ಇಲ್ಲ. ನಿಮಗೆ ಬೇಕಾದುದು ಮುಂದಿನ ಮೂರರಿಂದ ಐದು ದಿನ. ಅದಕ್ಕೆ ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್, ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆ, ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇವೆ. ಎರಡು ಕಡೆ ಒಂದೇ ಮಾತು ಬಂದರೆ ಆಳು ಕರೆಯಿರಿ.

ಈಗ ಸಿಂಪಡಣೆ. ಕೊಳೆರೋಗಕ್ಕೆ ಬೋರ್ಡೋ ಎಂದು ಮೈಸೂರು ಸಂಸ್ಥಾನದಲ್ಲಿ ತೋರಿಸಿಕೊಟ್ಟವರು ಲೆಸ್ಲಿ ಕೋಲ್ಮನ್, 1910ರ ಆಸುಪಾಸಿನಲ್ಲಿ. ರೋಗ ಬಂದ ಮೇಲಲ್ಲ, ಗೊನೆ ಮಳೆಗೆ ನೆನೆದು ರೋಗಾಣು ಹಬ್ಬುವುದಕ್ಕೆ ಮುಂಚೆ ಕಾಯಿಯ ಮೇಲೆ ತಾಮ್ರದ ಪದರ ಇರಬೇಕು. ಆದ್ದರಿಂದ ಮೊದಲ ಸುತ್ತು ಕೃತ್ತಿಕೆಯ ಕೊನೆ ಮತ್ತು ರೋಹಿಣಿ, ಅಂದರೆ ಮೇ 20ರಿಂದ ಜೂನ್ ಮೊದಲ ವಾರದೊಳಗೆ ಮುಗಿಯಬೇಕು. ಈ ನಿರ್ಧಾರಕ್ಕೆ ಪಂಚಾಂಗದ ನಕ್ಷತ್ರ ಸಾಕು, ಅಧಿಪತಿ ಬೇಡ. ಆ ಎರಡು ವಾರದೊಳಗೆ ಯಾವ ದಿನ ಎಂಬುದನ್ನು ಐದು ದಿನದ ಮುನ್ಸೂಚನೆಗೆ ಬಿಡಿ. ಆ ದಿನಗಳಲ್ಲಿ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಹಾಗಾಗಿ ಬೆಳಿಗ್ಗೆಯೇ ಹೊಡೆದು ಪದರ ಒಣಗಲು ಕೆಲವು ಗಂಟೆ ಬಿಸಿಲು ಸಿಗುವಂತೆ ನೋಡಿಕೊಳ್ಳಿ. ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರ್‌ನಲ್ಲಿ. ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತಾ ಸುರಿಯಿರಿ. ಉಜ್ಜಿ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡಿ, ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು. ಕಲಸಿದ್ದು ಅದೇ ದಿನ ಮುಗಿಯಬೇಕು. ಮಳೆ ತೊಳೆಯದಂತೆ ರಾಳದ ಅಂಟು ಸೇರಿಸಿ. ನಿಮ್ಮ ಔಷಧ ತೊಳೆದುಹೋದ ವರ್ಷಗಳಲ್ಲಿ ದಿನದ ಜೊತೆಗೆ ಅಂಟೂ ಇರಲಿಲ್ಲವೇ ಎಂದು ಒಮ್ಮೆ ನೆನಪಿಸಿಕೊಳ್ಳಿ.

ಎರಡನೇ ಸುತ್ತು 40-45 ದಿನಗಳ ಮೇಲೆ, ಅಂದರೆ ಪುನರ್ವಸುವಿನ ನಡುಭಾಗಕ್ಕೆ ಬೀಳುತ್ತದೆ. ಮಲೆನಾಡಿನ ಅತಿ ಬಿರುಸಿನ ಮಳೆ ಅದೇ ಹೊತ್ತಿನಲ್ಲಿ. ಆ ಸಮಯದಲ್ಲಿ ದಿನ ಗೊತ್ತುಮಾಡಲು ಹೋಗಬೇಡಿ. ಆರಿದ್ರೆ ಮುಗಿಯುವುದರೊಳಗೆ ಮೈಲುತುತ್ತ, ಸುಣ್ಣ, ಪೈಪು, ಕೊನೆಗೌಡನ (ಅಡಿಕೆ ಮರ ಹತ್ತುವವನ) ಒಪ್ಪಿಗೆ ಎಲ್ಲವನ್ನೂ ಸಿದ್ಧವಾಗಿಟ್ಟುಕೊಂಡು, ಎರಡು ದಿನದ ಹೊಳವು (ಮಳೆಯ ಬಿಡುವು) ಸಿಗುತ್ತದೆ ಎಂದು ಮುನ್ಸೂಚನೆ ಬಂದ ಕೂಡಲೇ ಮರಕ್ಕೆ ಹತ್ತಿಸಿ. ಹೊಳವು ಸಿಗದೆ ಕಾಯಿ ಉದುರತೊಡಗಿದರೆ, ಕೊಳೆತು ಬಿದ್ದ ಕಾಯಿಗಳನ್ನೂ ರೋಗ ಹಿಡಿದ ಗೊನೆಗಳನ್ನೂ ತೋಟದಲ್ಲಿ ಬಿಡದೆ ಹೊರಗೆ ಸಾಗಿಸಿ ನಾಶಮಾಡಿ, ಉಳಿದ ಗೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟಿಸಿ.